ಅಂಗೈಯಗಲ ಬಿಸಿಲು

ಒಲೆಗೆ ಉರಿ ಕೊಡುವ ಗೋಬರ್ ಗ್ಯಾಸ್ ಗುಂಡಿಗೆ ಹಾಕಲೆಂದೇ ನೀಲಗಂಗವ್ವ ಒಂದೇ ಮಡಿಯಲ್ಲಿ ಆನೆಹುಲ್ಲನ್ನೂ ಅದರ ಬುಡದಲ್ಲಿ ಕುದುರೆ ಮೆಂತ್ಯವೆಂಬ ಗಿಡ್ಡ ಮೇವನ್ನೂ ಬೆಳೆಸಿದ್ದಳು. ಅಂಗಡಿ ಗೊಬ್ಬರವನ್ನು ಒಂದು ಹಿಡಿಯೂ ಸೋಕಿಸಿರಲಿಲ್ಲ. ಆಳೆತ್ತರ ಬೆಳೆದ ಆನೆಹುಲ್ಲಿಗೆ ಸೊಕ್ಕು ಬಂತು.

"ಅವ್ವನ ಒಲೆ ಉರಿಯುವುದು ನನ್ನಿಂದ. ನನ್ನ ಕಾಲಡಿ ನಿನಗೇನು ಕೆಲಸ?" ಎಂದಿತು.

"ಅಂಗೈಯಗಲ ಬಿಸಿಲು ಬಿಟ್ಟರೆ ಸಾಕಣ್ಣಾ," ಎಂದಿತು ಮೆಂತ್ಯ. ಹುಲ್ಲು ಬೇಕೆಂದೇ ಇನ್ನಷ್ಟು ಗರಿ ಹರಡಿತು.

ಮೊದಲ ಕೊಯ್ಲಿನ ದಿನ ಕುಡುಗೋಲು ಎರಡನ್ನೂ ಬುಡಕ್ಕೆ ಸವರಿತು. ಬರೀ ಮೋಟಾಗಿ ಉಳಿದ ಹುಲ್ಲು ಆಗ ಮೆಂತ್ಯದ ಸಮಕ್ಕೆ ಬಂತು.

"ಇನ್ನು ಏನುಂಡು ಚಿಗುರಲಿ?" ಎಂದಿತು ಹುಲ್ಲು.

"ಬೇರು ಇತ್ತ ಚಾಚಣ್ಣಾ. ನನ್ನ ಬೇರಿನ ಗಂಟುಗಳಲ್ಲಿ ಗಾಳಿಯಿಂದ ಹಿಡಿದ ಸಾರ ಕೂಡಿಟ್ಟಿದ್ದೇನೆ. ನೀನು ಅಷ್ಟೆತ್ತರ ಬೆಳೆದದ್ದೂ ಅದನ್ನುಂಡೇ," ಎಂದಿತು ಮೆಂತ್ಯ.

ಹುಲ್ಲು ಮೆಲ್ಲಗೆ ಬೇರು ಚಾಚಿತು. ಮರುಚಿಗುರಿನಲ್ಲಿ ಅದರ ಗರಿಗಳೆಲ್ಲ ಮೆಂತ್ಯದ ಮೇಲೆ ಬಿಸಿಲು ಬೀಳುವಂತೆ ಒಂದೇ ಪಕ್ಕಕ್ಕೆ ವಾಲಿ ಬೆಳೆದದ್ದು ಯಾಕೆಂದು ನೀಲಗಂಗವ್ವನಿಗೆ ಕಡೆಗೂ ತಿಳಿಯಲಿಲ್ಲ.