ತವರುಕುರ್ವೆ

ಕಡವಿನಬೈಲಿನ ದಡದಲ್ಲಿ ನಿಂತರೆ, ಹೊಳೆ ಕಡಲಿಗೆ ಸೇರುವ ಮುನ್ನ ಅವಸರವೇ ಇಲ್ಲದಂತೆ ಅಗಲವಾಗಿ ಹರಡಿಕೊಂಡಿರುವುದು ಕಾಣುತ್ತದೆ. ಅದರ ನಡುವೆ ಹಸಿರಾದ ಒಂದು ನಡುಗಡ್ಡೆ. ನಡುಗಡ್ಡೆಗೆ ಈ ಕಡೆ ಕುರ್ವೆ ಎನ್ನುತ್ತಾರೆ. ಕಡಲು ಉಕ್ಕುವ ಭರತದ ಹೊತ್ತಿಗೆ ಅಲ್ಲಿನ ಕಾಂಡ್ಲ ಗಿಡಗಳು ಎದೆಮಟ್ಟದ ನೀರಿನಲ್ಲಿ ನಿಂತಿರುತ್ತವೆ. ಇಳಿತಕ್ಕೆ ನೀರು ಸರಿದಾಗ ಒಂದರೊಳಗೊಂದು ಹೆಣೆದುಕೊಂಡ ಬೇರುಗಳೆಲ್ಲ ಹೊರಗೆ ಬಂದು, ಕೆಸರಿನ ಮೇಲೆ ಪುಟ್ಟ ಏಡಿಗಳು ಓಡಾಡತೊಡಗುತ್ತವೆ. ದೋಣಿ ಒಳಗೆ ಹೊಕ್ಕಿತೆಂದರೆ ಕಡಲಿನ ಮೊರೆತವೂ ಎಲ್ಲೋ ದೂರವಾಗಿ, ಮಗು ಮಲಗಿರುವ ಕೋಣೆಗೆ ಕಾಲಿಟ್ಟವರಂತೆ ಎಲ್ಲರೂ ದನಿ ತಗ್ಗಿಸುತ್ತಾರೆ. ಇದರ ಹೆಸರು ತವರುಕುರ್ವೆ. ನಡುವಿನ ಒಂದು ದಿಬ್ಬ ಬಿಟ್ಟರೆ ಕಾಲೂರಲು ಒಣನೆಲವಿಲ್ಲ, ಇದು ಯಾರ ತವರು ಮಾರಾಯರೇ ಎಂದು ಹೊಸಬರು ನಗುತ್ತಾರೆ. ನಗಲಿ ಬಿಡಿ, ಸೋಮಿಯ ಕಥೆ ಅವರಿಗೇನು ಗೊತ್ತು.

ಹಿಂದೆ ಒಮ್ಮೆ, ಈ ಸೀಮೆಗೆ ಒಬ್ಬ ಒಡೆಯನಿದ್ದ ಕಾಲದಲ್ಲಿ, ಸೋಮಿ ಎಂಬ ಹುಡುಗಿ ಹೊಳೆಯ ಮೇಲ್ಗಡೆಯ ಮಣಿಕೋಡಿಯಿಂದ ಕಡವಿನಬೈಲಿನ ಬೊಮ್ಮನ ಕೈಹಿಡಿದು ಬಂದಳು. ಅವಳು ಬಂದ ವರ್ಷವೇ ಒಡೆಯನು ಕೋಟೆಯಲ್ಲಿ ದೇವಿಗೆ ಗುಡಿ ಕಟ್ಟಿಸಲು ಹಿಡಿದ. ಗುಡಿಗೆ ಸುಣ್ಣ ಬೇಕು, ಸುಣ್ಣಕ್ಕೆ ಚಿಪ್ಪು ಸುಡಬೇಕು, ಚಿಪ್ಪು ಸುಡಲು ರಾಶಿ ರಾಶಿ ಸೌದೆ ಬೇಕು. ಮಣಿಕೋಡಿಯವರು ದೇವರ ಕೆಲಸ, ಪುಣ್ಯ ಬರುತ್ತದೆ ಎಂದುಕೊಂಡು ತಮ್ಮ ದಡದ ಕಾಂಡ್ಲವನ್ನೆಲ್ಲ ಕಡಿದು ಸುಣ್ಣದ ಗೂಡಿಗೆ ಸುರಿದರು. ಬಂದದ್ದು ಪುಣ್ಯವಲ್ಲ, ಹೊಳೆ. ಬೇರಿನ ಆಸರೆ ತಪ್ಪಿದ ಕಟ್ಟೆ ಮಳೆಗಾಲದ ಮೊದಲ ನೆರೆಗೇ ಒಡೆದು, ಉಪ್ಪುನೀರು ಗದ್ದೆಗೂ ಬಾವಿಗೂ ನುಗ್ಗಿತು. ಬೇರಿನ ಸಂದಿಯಲ್ಲಿ ಬೆಳೆಯುತ್ತಿದ್ದ ಶೆಟ್ಲಿ ಸಿಗಡಿ, ಮೀನುಮರಿಗಳು ಆ ದಡದ ದಾರಿಯನ್ನೇ ಮರೆತವು; ಮೀನಿಲ್ಲದ ಮೇಲೆ ಬೆಳ್ಳಕ್ಕಿಗಳಿಗೂ ಅಲ್ಲೇನು ಕೆಲಸ? ಸೋಮಿಯ ಅಪ್ಪ ಅವ್ವ ಗಂಟು ಕಟ್ಟಿಕೊಂಡು ಘಟ್ಟ ಹತ್ತಿ ಹೋದರು. ಎಲ್ಲಿಗೆಂದು ಮಗಳಿಗೆ ಹೇಳಿಕಳಿಸಲೂ ಅವರಿಂದಾಗಲಿಲ್ಲ.

ಮರುವರ್ಷ, ಸೋಮಿಗೆ ದಿನ ತುಂಬುತ್ತಿದ್ದಾಗ, ಕೊಡಲಿಯ ಸರದಿ ಕಡವಿನಬೈಲಿಗೆ ಬಂತು. ಒಡೆಯನ ಪಾರುಪತ್ಯಗಾರ ಕುರ್ವೆಯ ಕಾಂಡ್ಲವನ್ನು ಬುಡಸಮೇತ ಕೇಳಿದ. ಹೊಳೆಯಂಚಿನ ತಗ್ಗಿನಲ್ಲಿದ್ದ ಊರ ಗಜನಿ ಗದ್ದೆಗಳ ಕಟ್ಟೆ ನಿಂತಿದ್ದೇ ಆ ಕುರ್ವೆಯ ಮರೆಯಲ್ಲಿ. ಅದು ಎಲ್ಲರಿಗೂ ಗೊತ್ತು. ಆದರೂ ದೇವಿಯ ಹೆಸರು ಬಂದ ಕೂಡಲೇ ಗಂಡಸರೆಲ್ಲ ತಲೆ ತಗ್ಗಿಸಿದರು, ಬೊಮ್ಮನೂ ತಗ್ಗಿಸಿದ. ಸೋಮಿ ಮಾತ್ರ ಕುರ್ವೆಯತ್ತ ತಿರುಗಿ ನೋಡಿದಳು. ಇಳಿತದ ಹೊತ್ತಿಗೆ ಚಿಪ್ಪಿ ಹೆಕ್ಕಲು ಅವಳು ಆ ಕುರ್ವೆಗೆ ಹೋಗುತ್ತಿದ್ದಳು. ತವರು ಹೋದ ದುಃಖವನ್ನು ಅತ್ತು ಕಳೆಯಲು ಅವಳಿಗೆ ಇದ್ದ ಜಾಗವೂ ಅದೊಂದೇ. ಬೇರೆ ಮರಗಳು ಬೀಜ ಉದುರಿಸಿ ಕೈತೊಳೆದುಕೊಂಡರೆ, ಕಾಂಡ್ಲವು ಬೀಜವನ್ನು ಕೊಂಬೆಯಲ್ಲೇ ಇಟ್ಟುಕೊಂಡು, ಮೊಳಕೆ ಬರಿಸಿ, ನುಗ್ಗೆಕಾಯಿಯಷ್ಟು ಉದ್ದ ಬೆಳೆಸಿ, ಇನ್ನು ಬದುಕಿಕೊಳ್ಳುತ್ತದೆ ಎಂದಾದ ಮೇಲೆಯೇ ಕೆಳಗೆ ಬಿಡುವುದನ್ನು ಅವಳು ಕಂಡಿದ್ದಳು. ಹಾಗೆ ಕಂಡಾಗಲೆಲ್ಲ ಅವ್ವನ ನೆನಪಾಗುತ್ತಿತ್ತು.

ಅವಳ ಅತ್ತೆ ಬೆಳ್ಳಿ ಊರಿನ ಸೂಲಗಿತ್ತಿ. ಸೊಸೆಯ ಹೊಟ್ಟೆ ನೋಡಿ ಮರುಗಿದಳು. "ಮೊದಲ ಹೆರಿಗೆ ತವರಲ್ಲೇ ಆಗ್ಬೇಕು. ನಿಂಗೆ ಎಂತ ಮಾಡೂದೇ ತಂಗಿ?"

"ತವರಿಗೇ ಹೋಗ್ತೆ ಅತ್ತೆ, ದೋಣಿ ಇಳಿಸಿ" ಎಂದು ಸೋಮಿ ಕುರ್ವೆಯತ್ತ ಕೈ ತೋರಿಸಿದಳು.

ಹುಡುಗಿಗೆ ತಲೆ ಕೆಟ್ಟಿತೆಂದು ಬೆಳ್ಳಿ ಹಣೆ ಬಡಿದುಕೊಂಡಳು. ಆಮೇಲೆ ತಟ್ಟನೆ ಹೊಳೆಯಿತು. ಹಡೆದ ನೆಲಕ್ಕೆ ಸೂತಕ. ಅದು ಕಳೆಯುವವರೆಗೆ ಹೊರಗಿನ ಗಂಡಸು ಅಲ್ಲಿ ಕಾಲಿಡುವಂತಿಲ್ಲ, ಅಲ್ಲಿನ ಒಂದು ಕಡ್ಡಿಯೂ ದೇವರ ಕೆಲಸಕ್ಕೆ ಸಲ್ಲುವಂತಿಲ್ಲ. "ಅಯ್ಯೋ ನನ್ನ ಬಂಗಾರವೇ!" ಎಂದು ಸೊಸೆಯ ಕೆನ್ನೆ ಹಿಡಿದು ಬಾಯಿಯ ಎಲೆಯಡಿಕೆ ಉದುರುವಷ್ಟು ನಕ್ಕಳು ಎನ್ನುತ್ತಾರೆ.

ದಿಬ್ಬದ ಮೇಲೆ ತೆಂಗಿನ ಮಡಲಿನ ಗುಡಿಸಲು ಎದ್ದಿತು. ನಸುಕಿನ ಭರತ ಏರುತ್ತಿದ್ದಾಗ ಸೋಮಿಗೆ ನೋವು ಕಾಣಿಸಿಕೊಂಡಿತು. ಸುತ್ತ ನೀರು ಸದ್ದಿಲ್ಲದೆ ಬೇರಿನಿಂದ ಬೇರಿಗೆ ಏರುತ್ತಿತ್ತು. ನೀರುನಾಯಿಗಳು ದಿಬ್ಬದ ಅಂಚಿನಲ್ಲಿ ತಲೆಯೆತ್ತಿ ನೋಡಿ ಮುಳುಗಿದವು. ಹತ್ತಿರವಿದ್ದವಳು ಬೆಳ್ಳಿ ಒಬ್ಬಳೇ, ಆದರೂ ಬೆನ್ನನ್ನು ಯಾರೋ ಇನ್ನೊಬ್ಬರು ನೀವುತ್ತಿದ್ದಾರೆಂದು ಸೋಮಿಗೆ ಅನ್ನಿಸಿತು. ಅವ್ವ ಬಂದಳೇ ಎಂದು ಕೇಳಿದಳು. ಬೆಳ್ಳಿ ಕಣ್ಣೊರೆಸಿಕೊಂಡು ಹೂಂ ಎಂದಳು. ಬೆಳಕು ಹರಿಯುವಾಗ ಹೆಣ್ಣುಮಗು ಹುಟ್ಟಿತು.

ಕೊಡಲಿಯವರ ದೋಣಿಗಳು ಕುರ್ವೆ ಮುಟ್ಟುವ ಹೊತ್ತಿಗೆ ಆ ಮಗು ಕಿರುಚಿಕೊಂಡಿತು. ಅವರು ದೋಣಿಯಲ್ಲೇ ಕೊಡಲಿ ಕೆಳಗಿಟ್ಟು ಕೈಮುಗಿದರು. "ಸೂತಕ ಕಳೆಯಲಿ, ನೋಡಿಕೊಳ್ಳುತ್ತೇನೆ" ಎಂದು ಪಾರುಪತ್ಯಗಾರ ಹಲ್ಲು ಕಡಿದ. "ಪುರುಸೊತ್ತಲ್ಲಿ ನೋಡ್ಕಣಿ ಒಡೆಯಾ" ಎಂದು ಬೆಳ್ಳಿ ಗುಡಿಸಲಿನಿಂದಲೇ ಕೂಗಿದಳು. ಸೂತಕ ಕಳೆದು ಸೋಮಿ ಮನೆಗೆ ಹೊರಡುವ ದಿನ ಪಕ್ಕದ ಮನೆಯ ಸೊಸೆ ಹೊಟ್ಟೆ ಹಿಡಿದುಕೊಂಡು ದೋಣಿಯಲ್ಲಿ ಬಂದಳು. ಅವಳಿಗೆ ಅವ್ವ ಅಪ್ಪ ಎಲ್ಲ ಗಟ್ಟಿಮುಟ್ಟಾಗಿದ್ದರು. ಆದರೂ ತವರಿಗೆ ಹೊರಟೆ ಎಂದೇ ಹೇಳಿ ಬಂದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಆ ವರ್ಷ ಕಡವಿನಬೈಲಿನಲ್ಲಿ ಬಸುರಿಯರಿಗೆ ಬರವಿರಲಿಲ್ಲ! ಕೊನೆಯವಳ ಸೂತಕ ಕಳೆಯುವ ಮೊದಲೇ ಮಳೆ ಹಿಡಿದು ಸುಣ್ಣದ ಗೂಡು ಆರಿತು. ದೇವಿಯ ಗುಡಿಯ ಒಂದು ಗೋಡೆ ಸುಣ್ಣ ಕಾಣದೆ ಬೋಳಾಗಿಯೇ ಉಳಿಯಿತಂತೆ, ದೇವಿಯೇನೂ ಸಿಟ್ಟಾಗಲಿಲ್ಲ.

ನೆರೆ ಬಂದಾಗ ಸೋಮಿ ಮಗುವನ್ನು ಎದೆಗೆ ಕಟ್ಟಿಕೊಂಡು ಕಟ್ಟೆಯ ಮೇಲೆಯೇ ನಿಂತಿದ್ದಳು. ಕಡಲು ಒಳನುಗ್ಗಿತು, ಹೊಳೆ ಮೇಲಿಂದ ಇಳಿಯಿತು, ಎರಡೂ ಕುರ್ವೆಯ ಬೇರುಗಳಲ್ಲಿ ತೊಡರಿ ಬಿರುಸು ಕಳೆದುಕೊಂಡವು. ಕಟ್ಟೆ ನಿಂತಿತು. ಆಗ ಅವಳಿಗೆ ಬಂದ ಅಳು ಸಂಜೆಯಾದರೂ ನಿಲ್ಲಲಿಲ್ಲವಂತೆ. ಮಳೆ ಹಗುರಾದ ಮೇಲೆ ಉದುರಿದ ಮೊಳಕೆಗಳನ್ನು ದೋಣಿಗೆ ತುಂಬಿಕೊಂಡು ಮಣಿಕೋಡಿಯ ಬೋಳು ದಡದಲ್ಲಿ ಊರಿ ಬಂದಳು, ವರ್ಷವರ್ಷವೂ ಊರಿದಳು. ಕಾಂಡ್ಲ ಬಂತು, ಶೆಟ್ಲಿ ಬಂತು, ಬೆಳ್ಳಕ್ಕಿ ಬಂತು. ಅವಳ ಅಪ್ಪ ಅವ್ವ ಮಾತ್ರ ಬರಲಿಲ್ಲ.

ಈಗಲೂ ಮಳೆಗಾಲದ ನಡುವೆ ಹೊಳೆ ತುಸು ಶಾಂತವಾದ ದಿನ ಕುರ್ವೆಗೆ ಹೋದವರಿಗೆ, ಗಿಡದ ಕೆಳಗೆ ಕೆಸರಿನಲ್ಲಿ ಸೆರಗು ಒಡ್ಡಿಕೊಂಡು ನಿಂತ ಹೆಂಗಸರು ಕಾಣುತ್ತಾರೆ. ತವರಿನಲ್ಲಿ ಯಾರೂ ಉಳಿಯದವರು, ಉಳಿದವರಿಗೆ ಬೇಡವಾದವರು, ದೂರದೂರದ ಊರುಗಳಿಂದ ಬಂದವರು. ಯಾರ ಮಗಳೆಂದು ದೋಣಿಯವನು ಕೇಳುವುದಿಲ್ಲ. ಕೊಂಬೆಯಿಂದ ಒಂದು ಮೊಳಕೆ ತಾನಾಗಿ ಕಳಚಿ, ತವರಿನ ಮಡಿಲಕ್ಕಿಯಂತೆ ಮಡಿಲಿಗೆ ಬೀಳಬೇಕು, ಕೀಳುವಂತಿಲ್ಲ. ಬಿದ್ದರೆ ಅಲ್ಲೇ ಊರಿ, ಮುಖ ತೊಳೆದುಕೊಂಡು ದೋಣಿ ಹತ್ತುತ್ತಾರೆ. ಕೆಲವರಿಗೆ ತಡವಾಗುತ್ತದೆ. ಭರತ ಏರತೊಡಗಿದರೂ ದೋಣಿಯವನು ಅವರನ್ನು ಕರೆಯುವುದಿಲ್ಲ. ತವರಿಗೆ ಬಂದವರನ್ನು ಹೊರಡು ಎನ್ನಲು ಅವನಿಗೆ ಬಾಯಿ ಬರುವುದಿಲ್ಲ.