ರೇಷ್ಮೆ ಬಟ್ಟೆಯೊಳಗಿನ ಮಣ್ಣು

ಒಂದು ಕಾಡಿನಲ್ಲಿ ಪುಸ್ತಕದ ಮನೆಯೊಂದಿತ್ತು. ನಗಬೇಡಿ, ನಿಜವಾಗಿಯೂ ಇತ್ತು. ದೊಡ್ಡ ಬಂಡೆಯ ಕೆಳಗೆ, ಮಳೆಯ ಇರಚಲು ಬಡಿಯದ ಒಣ ಗವಿಯಲ್ಲಿ. ಅದನ್ನು ನೋಡಿಕೊಳ್ಳುತ್ತಿದ್ದವಳು ಮುಳ್ಳವ್ವ ಎಂಬ ಮುಳ್ಳುಹಂದಿ. ಅವಳ ಅಜ್ಜ, ಮುತ್ತಜ್ಜಂದಿರು ತಮ್ಮ ಮೈಮೇಲಿನ ಮುಳ್ಳನ್ನೇ ಕಿತ್ತು ತಾಳೆಗರಿಯ ಮೇಲೆ ಕೊರೆದಿಟ್ಟ ಕಟ್ಟುಗಳು ಅಲ್ಲಿದ್ದವು. ಯಾವ ಹೊಂಡ ಬೇಸಿಗೆಗೂ ಬತ್ತದು, ಯಾವ ಕಾಯಿ ತಿಂದರೆ ಹೊಟ್ಟೆ ಉಬ್ಬುತ್ತದೆ, ಎಲ್ಲ ಅವುಗಳಲ್ಲಿತ್ತು.

ಮುಳ್ಳವ್ವನದು ಒಂದು ಕಟ್ಟಳೆ. ಯಾರೇ ಕಟ್ಟು ಹಿಂದಿರುಗಿಸಲಿ, ಅವರೆದುರೇ ದಾರ ಬಿಚ್ಚುತ್ತಿದ್ದಳು. ಒಂದೊಂದೇ ಗರಿ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದಳು. ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ನೆರಳಲ್ಲಿ ಆರಿಸಿ, ಹುಳು ಹತ್ತದಂತೆ ಬಜೆಯ ತುಂಡು ಇಟ್ಟು ಮತ್ತೆ ಬಿಗಿಯಾಗಿ ಕಟ್ಟುತ್ತಿದ್ದಳು. ಹುಲಿ ಬಂದು ನಿಂತರೂ ಅಷ್ಟೆ, "ಕೂತ್ಕೊಳ್ಳಿ ಸ್ವಾಮಿ, ಬಿಚ್ಚಿ ನೋಡ್ತೀನಿ" ಎನ್ನುತ್ತಿದ್ದಳು. ಹುಲಿಯೂ ಬಾಲ ಮಡಚಿ ಕೂರುತ್ತಿತ್ತು.

ಒಂದು ದಿನ ನರಿ ಕೆಂಚಣ್ಣ ಬಂದ.

"ಮುಳ್ಳವ್ವಾ, ಮದ್ದಿನ ಕಟ್ಟು ಕೊಡು. ನಾನು ವೈದ್ಯನಾಗ್ತೀನಿ."

"ಕೋಳಿ ಕದಿಯೋದು ಬಿಟ್ಟೆಯೇನೋ?"

"ವೈದ್ಯನಾದ ಮೇಲೆ ಕದಿಯೋದ್ಯಾಕೆ? ಕೋಳಿಗಳೇ ನಾಡಿ ತೋರಿಸೋಕೆ ಬರ್ತವಲ್ಲ!"

ಮುಳ್ಳವ್ವನಿಗೆ ನಗು ತಡೆಯಲಿಲ್ಲ. ಕಟ್ಟು ಕೊಟ್ಟಳು. "ಕೈ ತೊಳೆದು ಮುಟ್ಟು. ಎಂಜಲು ಬೆರಳಲ್ಲಿ ಗರಿ ತಿರುವಬೇಡ. ತಿನ್ನುತ್ತಾ ಓದಬೇಡ. ನೆಲದ ಮೇಲಂತೂ ಇಡಲೇಬೇಡ."

"ಅಷ್ಟೂ ತಿಳಿಯದವನೇ ನಾನು?" ಎಂದು ಕೆಂಚಣ್ಣ ಬಾಲ ಬೀಸಿಕೊಂಡು ಹೋದ.

ಮಳೆಗಾಲ ಮುಗಿದ ಮೇಲೆ ತಿರುಗಿ ಬಂದ. ಎಲ್ಲಿಂದ ತಂದನೋ, ಮದ್ದಿನ ಕಟ್ಟಿಗೆ ಕೆಂಪು ರೇಷ್ಮೆ ಸುತ್ತಿದ್ದ. ಗವಿಯ ಬಾಗಿಲಲ್ಲಿ ಕರಿಮೂತಿಯ ಮುಸುವ, ಮೊಲ, ಕಾಡುಕುರಿ ಎಲ್ಲ ಕಾಯುತ್ತಾ ಕೂತಿದ್ದವು. ಮುಳ್ಳವ್ವ ದಾರಕ್ಕೆ ಕೈ ಹಾಕಿದಳು. ಕೆಂಚಣ್ಣ ತಟ್ಟನೆ ಹಿಂದಕ್ಕೆಳೆದುಕೊಂಡ.

"ಅವ್ವಾ, ಇಷ್ಟು ಜನರೆದುರು ಬಿಚ್ಚಿ ನೋಡ್ತೀಯಾ? ಈಗ ನಾನು ವೈದ್ಯ. ನನ್ನ ಮರ್ಯಾದೆ ಏನಾಗಬೇಕು? ಮೂಸಿ ನೋಡು, ಎಣ್ಣೆ ನಾನೇ ಸವರಿ ತಂದಿದ್ದೀನಿ."

ಮುಳ್ಳವ್ವ ಮೂಸಿದಳು. ಹೌದು, ಮಜ್ಜಿಗೆಹುಲ್ಲು ಘಮ್ಮೆನ್ನುತ್ತಿತ್ತು. ರೇಷ್ಮೆ ಮೊಲದ ಕಿವಿಯಷ್ಟು ನುಣುಪಾಗಿತ್ತು. ತಾನು ಹರಕು ಬಟ್ಟೆಯಲ್ಲಿ ಕೊಟ್ಟದ್ದು, ಇವನು ರೇಷ್ಮೆಯಲ್ಲಿ ತಂದಿದ್ದಾನೆ. ಇನ್ನೂ ಅನುಮಾನಪಟ್ಟರೆ ಹೇಗೆ? ಅವಳಿಗೇ ನಾಚಿಕೆಯಾಯಿತು. ಬಿಚ್ಚದೆ ಹಾಗೆಯೇ ಒಯ್ದು ಉಳಿದ ಕಟ್ಟುಗಳ ಪಕ್ಕದಲ್ಲಿಟ್ಟಳು.

ಚಳಿ ಬಂತು. ಒಂದು ಬೆಳಗ್ಗೆ ಕೆಂಚಣ್ಣ ಹಿಂಗಾಲು ಎಳೆಯುತ್ತಾ, ಊಳಿಡುತ್ತಾ ಬಂದು ಬಿದ್ದ. ಬೇಲಿ ಹಾರುವಾಗ ನಂಜಿನ ಮುಳ್ಳು ಹೊಕ್ಕಿತ್ತು. ಕಾಲು ಸೋರೆಕಾಯಿಯ ಹಾಗೆ ಊದಿತ್ತು.

"ಏನು ವೈದ್ಯರೇ, ನಿಮಗೇ ಮದ್ದು ಬೇಕಾಯ್ತೇ?" ಎಂದ ಮುಸುವ.

"ಸುಮ್ನಿರೋ! ನಾನು ಓದಿದ್ದು ಜೇನು ಹಾಕೋ ಮದ್ದುಗಳನ್ನ ಮಾತ್ರ. ಅವ್ವಾ, ನಂಜು ಮೇಲೇರ್ತಿದೆ. ಬೇಗ ನೋಡು!"

ನಂಜಿಗೆ ಮದ್ದು ಗವಿಯ ಬದಿಯಲ್ಲೇ ಬೆಳೆದಿತ್ತು. ಆದರೆ ಅಲ್ಲಿ ಎರಡು ಬೇರು. ಒಂದರದು ಕೆಂಪು ಸಿಪ್ಪೆ, ಇನ್ನೊಂದರದು ಬಿಳಿ. ಒಂದು ನಂಜಿಳಿಸುತ್ತದೆ, ಇನ್ನೊಂದು ಉಸಿರನ್ನೇ ನಿಲ್ಲಿಸುತ್ತದೆ. ಯಾವುದು ಯಾವುದು? ಬರೆದಿಟ್ಟದ್ದನ್ನು ನೆನಪಿಡುವುದೇಕೆ ಎಂದು ಕಾಡಿನಲ್ಲಿ ಯಾರೂ ನೆನಪಿಟ್ಟಿರಲಿಲ್ಲ.

ಮುಳ್ಳವ್ವ ಓಡಿಹೋಗಿ ಕಟ್ಟು ಎತ್ತಿದಳು. ಒಳಗಿಂದ ಏನೋ ಪುಡಿ ಉದುರಿತು! ದಾರ ಬಿಚ್ಚಿದಳು. ರೇಷ್ಮೆ ಚೆನ್ನಾಗಿತ್ತು. ಗರಿಗಳ ಮೇಲಿಡುವ ಮರದ ಹಲಗೆಯೂ ಚೆನ್ನಾಗಿತ್ತು. ಹಲಗೆ ಎತ್ತಿದಳು.

ಅವಳ ಮೈಮುಳ್ಳೆಲ್ಲ ಒಮ್ಮೆಲೇ ನಿಗುರಿ ನಿಂತವು.

ಒಳಗೆ ಗರಿಗಳಿರಲಿಲ್ಲ. ಮಣ್ಣಿತ್ತು. ಮಣ್ಣಿನೊಳಗಿಂದ ಒಂದು ಗೆದ್ದಲು ತಲೆ ಹೊರಹಾಕಿ, "ಯಾರಮ್ಮಾ ಅದು? ಬಾಗಿಲು ಹಾಕು, ಬೆಳಕು ಬೀಳ್ತಿದೆ!" ಎಂದು ಗದರಿತು.

ಮುಳ್ಳವ್ವ ಪಕ್ಕದ ಕಟ್ಟು ಬಿಚ್ಚಿದಳು. ನೀರಿನ ಹೊಂಡಗಳ ಕಟ್ಟು ಅದು. ಅದರ ಅರ್ಧವೂ ಮಣ್ಣು. ಅದರಾಚೆಯದಕ್ಕೂ ಮಣ್ಣಿನ ಗೆರೆ ಹತ್ತಿತ್ತು.

ಕೆಂಚಣ್ಣ ತೆವಳಿಕೊಂಡು ಹತ್ತಿರ ಬಂದು ಇಣುಕಿದ. "ಒಂದು ಮೂಲೆ... ಒಂದೇ ಮೂಲೆ ಹಾಳಾಗಿತ್ತು ಅವ್ವಾ! ಜೇನು ನೆಕ್ಕುತ್ತಾ ಓದಿದೆ. ಬಿಲದ ನೆಲದ ಮೇಲೆ ಹಾಗೇ ಬಿಟ್ಟು ತಿರುಗೋಕೆ ಹೋದೆ. ಬಂದು ನೋಡಿದರೆ ಗೆದ್ದಲು. ಕೊಡವಿದೆ. ನೀನು ಬಿಚ್ಚಬಾರದು ಅಂತಲೇ ರೇಷ್ಮೆ ಸುತ್ತಿದೆ, ವಾಸನೆಗೆ ಹುಲ್ಲು ತಿಕ್ಕಿದೆ..."

ಮುಳ್ಳವ್ವ ಮಣ್ಣು ಕೆದಕಿದಳು. ಒಂದು ಗರಿಯ ಚೂರು ಸಿಕ್ಕಿತು. ಊದಿ ಓದಿದಳು: "ನಂಜೇರಿದವರಿಗೆ ಎರಡು ಬೇರುಗಳಲ್ಲಿ ಅರೆದು ಕುಡಿಸಬೇಕಾದದ್ದು..."

ಅಲ್ಲಿಂದ ಮುಂದೆ ತೂತು. ಆ ತೂತಿನಾಚೆ ಕೆಂಚಣ್ಣನ ಮುಖ ಕಾಣುತ್ತಿತ್ತು.

"ಮುಂದೆ ಓದವ್ವಾ!"

"ಮುಂದಿನದನ್ನ ನಿನ್ನ ಜೇನು ತಿಂದಿತು ಕಣೋ."

ಮುಳ್ಳವ್ವ ಎರಡೂ ಬೇರು ತಂದು ಅವನ ಮುಂದಿಟ್ಟಳು. ಕೆಂಚಣ್ಣ ಕೆಂಪು ಬೇರಿಗೆ ಮೂಗು ತಂದ, ಹಿಂದೆಗೆದ. ಬಿಳಿ ಬೇರಿಗೆ ತಂದ, ಹಿಂದೆಗೆದ. ಹೊತ್ತು ನೆತ್ತಿಗೇರಿದರೂ ಯಾವುದನ್ನೂ ಮುಟ್ಟುವ ಧೈರ್ಯ ಬರಲಿಲ್ಲ. ಗಟ್ಟಿ ಪಿಂಡ, ಹೇಗೋ ಜೀವ ಉಳಿಯಿತು. ಕಾಲು ಮಾತ್ರ ಒಣಗಿ ಕಡ್ಡಿಯಾಯಿತು. ಈಗ ಕೋಳಿಗಳು ಅವನ ಹತ್ತಿರಕ್ಕೇ ಬಂದು, "ನಾಡಿ ನೋಡ್ತೀರಾ ವೈದ್ಯರೇ?" ಎಂದು ಕೇಳಿ ಓಡುತ್ತವೆ.

ಮುಳ್ಳವ್ವ ಹಾಳಾದ ಕಟ್ಟುಗಳನ್ನು ಗವಿಯಿಂದ ದೂರ ಒಯ್ದು ಸುಟ್ಟಳು. ಉಳಿದವನ್ನು ಒಂದೊಂದಾಗಿ ಒರೆಸಿ, ಎಣ್ಣೆ ಹಚ್ಚಿದಳು. ಕೆಂಪು ರೇಷ್ಮೆ ಈಗ ಅವಳಿಗೆ ಧೂಳು ಒರೆಸುವ ಬಟ್ಟೆ. ತೂತು ಬಿದ್ದ ಗರಿಯ ಚೂರನ್ನು ಗವಿಯ ಬಾಗಿಲಿಗೆ ತೂಗುಹಾಕಿದ್ದಾಳೆ. ಕಟ್ಟು ಹಿಂದಿರುಗಿಸಲು ಬಂದವರು ಅದನ್ನು ನೋಡುತ್ತಾರೆ. ಮುಳ್ಳವ್ವ ಕೇಳುವ ಮೊದಲೇ ತಾವೇ ಕೂತು ದಾರ ಬಿಚ್ಚುತ್ತಾರೆ.

ನೀತಿ: ಕೇಳಿ ತಂದ ಪುಸ್ತಕವನ್ನು ಕಣ್ಣಿನಂತೆ ಕಾಪಾಡು, ಹಾಳಾದರೆ ಮುಚ್ಚಿಡದೆ ಹೇಳು. ಮುಚ್ಚಿಟ್ಟ ಹಾಳು ಒಂದು ಪುಸ್ತಕಕ್ಕೆ ನಿಲ್ಲದು, ಮುಚ್ಚಿಟ್ಟವನನ್ನೂ ಬಿಡದು.