ತತ್ತಿಯೊಳಗಿನ ಮಾತು

ನಮ್ಮೂರ ಹಳ್ಳದ ದಂಡೆಯ ಮೇಲೆ ಹಾಳುಬಿದ್ದ ಸುಣ್ಣದ ಭಟ್ಟಿಯೊಂದಿತ್ತು. ಅದರ ಬಾಯಿಗೆ ಈಚಲ ಚಾಪೆಯೊಂದನ್ನು ಇಳಿಬಿಟ್ಟುಕೊಂಡು ಪರಮಪೂಜ್ಯ ಶರಣೆ ಗಾಳೆವ್ವ ತಾಯಿಯವರು ವಾಸವಾಗಿದ್ದರು. ಮಠವೆಂದರೂ ಅದೇ, ಅರಮನೆಯೆಂದರೂ ಅದೇ. ಈಚಲ ಗರಿ ಸೀಳಿ ಕಸಬರಿಗೆ ಕಟ್ಟುವುದು, ಬಂದವರಿಗೆ ಮಜ್ಜಿಗೆ ಕೊಡುವುದು, ಬಹಳ ಕೇಳಿಕೊಂಡರೆ ಒಂದು ಮಾತು ಆಡುವುದು, ಇಷ್ಟೇ ತಾಯಿಯವರ ದಿನಚರಿ. ಆ ಒಂದು ಮಾತಿಗಾಗಿ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಮುಂದೆ ಹೇಳುವ ಪ್ರಸಂಗವನ್ನು ಸುತ್ತಲಿನ ಊರಿನವರೂ ಹೇಳುತ್ತಾರೆ, ಹೇಳಲಿ ಪಾಪ. ಆದರೆ ಆ ಭಟ್ಟಿಯ ಬೂದಿಯಲ್ಲಿ ಹೊರಳಾಡಿ ಬೆಳೆದ ನಮ್ಮೂರಿನವರು ಹೇಳಿದ ಹಾಗೆ ಹೇಳುವುದು ಅವರ ಅಪ್ಪನಿಂದಲೂ ಆಗದು.

ನಮ್ಮೂರಲ್ಲಿ ಹೊಳಿಯಪ್ಪನೆಂಬ ಗಟ್ಟಿಗನಿದ್ದ. ಹುಂಜದ ಕಾಳಗದಲ್ಲಿ ಅವನ ಹುಂಜ ಕಣಕ್ಕಿಳಿಯಿತೆಂದರೆ ಎದುರಾಳಿ ತನ್ನ ಹುಂಜದ ಸಾರಿಗೆ ಮಸಾಲೆ ಅರೆಯಲು ಮನೆಗೆ ಹೇಳಿ ಕಳಿಸುತ್ತಿದ್ದನಂತೆ. ಆ ಹುಂಜಗಳೆಲ್ಲ ಒಂದೇ ಹೇಂಟೆಯ ಸಂತಾನ. ಕರಿ ಕಾಲಿನ, ಕೆಂಡದ ಕಣ್ಣಿನ ಜಾತಿ ಕೋಳಿ ಅದು, ಹೆಸರು ಕೆಂಚಿ. ಆದರೆ ಕೆಂಚಿ ತಾನಾಗಿ ಒಂದು ಮರಿಯನ್ನೂ ಮಾಡಿದ್ದಿಲ್ಲ. ಅದು ಇಟ್ಟ ತತ್ತಿಯನ್ನು ಬಿಸಿ ಆರುವ ಮೊದಲೇ ತೆಗೆದು ಹೊಳಿಯಪ್ಪ ಸಾದಾ ಕೋಳಿಗಳ ಕೆಳಗೆ ಇಟ್ಟುಬಿಡುತ್ತಿದ್ದ. ಕಾವಿಗೆ ಕೂತ ಕೋಳಿ ತತ್ತಿ ಇಡುವುದನ್ನು ನಿಲ್ಲಿಸುತ್ತದಲ್ಲ, ಅದನ್ನು ಅವನು ಸಹಿಸಲಾರ. ಕೆಂಚಿ ಮೈ ಉಬ್ಬಿಸಿ ಮೂಲೆ ಹಿಡಿಯಿತೋ, ಎತ್ತಿ ಬಾನಿಯ ತಣ್ಣೀರಿನಲ್ಲಿ ಅದ್ದುವನು. ಅದಕ್ಕೂ ಬಗ್ಗದಿದ್ದರೆ ಅದರದೇ ಗರಿ ಕಿತ್ತು ಮೂಗಿನ ಹೊಳ್ಳೆಗೆ ಚುಚ್ಚುವನು. ಕಾವು ಬಿಡಿಸುವುದರಲ್ಲಿ ಅವನದು ಎತ್ತಿದ ಕೈ. ನೆರೆಯವರೂ ತಮ್ಮ ಹಟಮಾರಿ ಕೋಳಿಗಳನ್ನು ತಂದು ಅವನ ಕೈಗೇ ಕೊಡುತ್ತಿದ್ದರು. "ಕೋಳಿ ಹಟ ನನ್ನ ಮುಂದ ನಡಿಯಂಗಿಲ್ಲ" ಎಂದು ಅವನು ಮೀಸೆ ತೀಡುತ್ತಿದ್ದ.

ಮನೆಯಲ್ಲಿಯೂ ಅದೇ ದರ್ಬಾರು. ಅವನ ಹೆಂಡತಿ ಪಕೀರವ್ವ ಚೊಚ್ಚಲು ಹೆಣ್ಣುಮಗುವನ್ನು ಹೆತ್ತಳು. ತೊಟ್ಟಿಲಿಗೆ ಹಾಕುವ ದಿನ ಹೊಳೆಯಾಚೆಯ ಊರಿನಿಂದ ಅವನ ಅಣ್ಣ, ಅತ್ತಿಗೆ ಲಚಮವ್ವ ಬಂದಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಲಚಮವ್ವ ತೊಟ್ಟಿಲು ಹಿಡಿದವಳು ಕೈ ಬಿಡಲೇ ಇಲ್ಲ. ಅದನ್ನು ಕಂಡ ಹೊಳಿಯಪ್ಪ ಬಂಧುಬಳಗದ ಎದುರು ಎದೆಯುಬ್ಬಿಸಿ, "ಒಯ್ಯಿ ಯಕ್ಕಾ, ಇದು ನಿಂದ. ನನ್ನ ಮನ್ಯಾಗ ಇನ್ನಾ ಹತ್ತು ಹುಟ್ತಾವ" ಎಂದುಬಿಟ್ಟ. ಜನ ಭಲೇ ಎಂದರು. ಹಡೆದವಳನ್ನು ಯಾರೂ ಕೇಳಲಿಲ್ಲ.

ಪಕೀರವ್ವ ಅಳಲಿಲ್ಲ, ಜಗಳಕ್ಕೆ ನಿಲ್ಲಲಿಲ್ಲ. ಹಾಲು ಬತ್ತಲೆಂದು ಅತ್ತೆ ತಂದುಕೊಟ್ಟ ಮಲ್ಲಿಗೆ ಹೂವನ್ನು ಎದೆಗೆ ಕಟ್ಟಿಕೊಂಡಳು. ಅಂದಿನಿಂದ ಆಕೆ ಮುಡಿಗೆ ಮಲ್ಲಿಗೆ ಏರಿಸಿದ್ದನ್ನು ಯಾರೂ ಕಂಡಿಲ್ಲ. ಹತ್ತು ಹುಟ್ಟುವುದಿರಲಿ, ಆ ಮನೆಯಲ್ಲಿ ಇನ್ನೊಂದು ತೊಟ್ಟಿಲು ತೂಗುವ ಯೋಗವೇ ಬರಲಿಲ್ಲ. ಚೆನ್ನಿ ಎಂಬ ಆ ಮಗು ಹೊಳೆಯಾಚೆ ನಡೆಯಲು ಕಲಿಯಿತು, ಮಾತು ಕಲಿಯಿತು. ಹಬ್ಬಕ್ಕೆ ಬಂದಾಗ ಹಡೆದ ತಾಯಿಯನ್ನು ಚಿಕ್ಕಮ್ಮನೆಂದೇ ತಿಳಿದು "ಚಿಗವ್ವಾ" ಎಂದು ಕರೆಯಿತು.

ಚೆನ್ನಿಗೆ ಐದಾರು ವರ್ಷವಾದಾಗ, ಸುಗ್ಗಿ ಮುಗಿದ ಮೇಲೆ ಕೆಂಚಿ ಮತ್ತೆ ಕಾವಿಗೆ ಕೂತಿತು. ಹೊಳಿಯಪ್ಪ ಬಾನಿಗೆ ನೀರು ತುಂಬಿಸಿಟ್ಟು ಬರುವಷ್ಟರಲ್ಲಿ ಕೋಳಿಯೂ ಇಲ್ಲ, ಸಾದಾ ಕೋಳಿಯಡಿ ಇಡಲು ತೆಗೆದಿಟ್ಟಿದ್ದ ತತ್ತಿಗಳೂ ಇಲ್ಲ. ಬೆಕ್ಕನ್ನು ಬೈದ, ನೆರೆಯವರನ್ನು ಬೈದ, ಹಿತ್ತಿಲು ಹಿತ್ತಿಲು ಜಾಲಾಡಿದ. ಹುಣ್ಣಿಮೆಗೆ ಕಳೆದ ಕೋಳಿಯ ಸುದ್ದಿ ಅಮಾವಾಸ್ಯೆ ದಾಟಿದರೂ ಹತ್ತಲಿಲ್ಲ. ಕೊನೆಗೆ ಕಟ್ಟೆಯ ಮೇಲೆ ಕೂತಿದ್ದ ಮುದುಕನೊಬ್ಬ ಬಾಯಿಬಿಟ್ಟ.

"ಹುಡುಕೂದು ಬಿಡೋ ಹೊಳಿಯಪ್ಪಾ. ನಿನ್ನ ಕೋಳಿ ಸನ್ಯಾಸ ತಗೊಂಡೈತಿ. ಭಟ್ಟಿಯಾಗ ತಪಸ್ಸಿಗೆ ಕುಂತೈತಿ."

ಪಕ್ಕದವನು ದನಿಗೂಡಿಸಿದ. "ಮೂಗಿಗೆ ಗರಿ ಚುಚ್ಚೂ ಗುರು ಸಾಕಾಗಿ ಬ್ಯಾರೆ ಗುರು ಹಿಡದೈತಿ ತಗೋ."

ಕಟ್ಟೆಯೆಲ್ಲ ನಕ್ಕಿತು. ಹೊಳಿಯಪ್ಪನಿಗೆ ಮೈಯೆಲ್ಲ ಉರಿಯಿತು. ಗಾಳೆವ್ವ ತಾಯಿಯವರೆಂದರೆ ಅವನಿಗೆ ಮೊದಲೇ ಅಷ್ಟಕ್ಕಷ್ಟೆ. ಕಸಬರಿಗೆ ಕಟ್ಟುವ ಮುದುಕಿಯ ಕಾಲಿಗೆ ಬೀಳುವವರ ಬುದ್ಧಿಗೆ ಮೊದಲು ಕಸಬರಿಗೆ ಹಿಡಿಯಬೇಕು ಎಂದು ಆಡಿಕೊಂಡವನು ಅವನು. ಬಿರಬಿರನೆ ಹಳ್ಳದ ಕಡೆ ನಡೆದ.

ತಾಯಿಯವರು ಭಟ್ಟಿಯ ಬಾಯಲ್ಲಿ ಗರಿ ಸೀಳುತ್ತ ಕೂತಿದ್ದರು. ಅವರ ಬೆನ್ನ ಹಿಂದೆ, ಹಳೆಯ ಬುಟ್ಟಿಯೊಂದರಲ್ಲಿ ಕೆಂಚಿ ರೆಕ್ಕೆ ಹರಡಿ ಕೂತಿತ್ತು. ಅದರ ಅಡಿಯಲ್ಲಿ ಹಾಸಿದ್ದ ಪುಟ್ಟ ಕೌದಿಯನ್ನು ಕಂಡು ಹೊಳಿಯಪ್ಪನ ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು. ಅವನದೇ ಹಳೆಯ ರುಮಾಲಿನ ಚೂರು, ಪಕೀರವ್ವನ ಮದುವೆಯ ಸೀರೆಯ ಸೆರಗು, ಎರಡನ್ನೂ ಕೂಡಿಸಿ ಆಕೆ ಬಸುರಿಯಿದ್ದಾಗ ಹೊಲಿದ ಕೌದಿ ಅದು. ಮಗು ಹೊಳೆ ದಾಟಿದ ದಿನ ಕೌದಿ ಮನೆಯಲ್ಲೇ ಉಳಿದಿತ್ತು. ಕೋಳಿಯನ್ನು ಇಲ್ಲಿಗೆ ತಂದವರು ಯಾರೆಂದು ಬೇರೆ ಹೇಳಬೇಕಾಗಿರಲಿಲ್ಲ. ಅದು ತಿಳಿದ ಮೇಲೆ ಸಿಟ್ಟು ಇನ್ನಷ್ಟು ಏರಿತು.

"ಮಂದಿ ಕೋಳಿ ಮುಚ್ಚಿಟ್ಕೊಳ್ಳೂದು ಯಾವ ಶರಣರ ಧರ್ಮ ಯಮ್ಮಾ?"

"ಮುಚ್ಚಾಕ ಇಲ್ಲಿ ಬಾಗಿಲ ಇಲ್ಲಲ್ಲಪ್ಪಾ. ನಿನ್ನ ಕೋಳಿ, ಒಯ್ಯಿ" ಎಂದರು ತಾಯಿಯವರು.

ಜಗಳಕ್ಕೆ ಸಜ್ಜಾಗಿ ಬಂದವನಿಗೆ ಎದುರಾಳಿಯೇ ಸಿಗಲಿಲ್ಲ. ಬಗ್ಗಿ ಕೈ ಚಾಚಿದ.

"ಒಯ್ಯೂಕಿಂತ ಮೊದಲ ಒಂದು ತತ್ತಿ ಕಿವಿಗೆ ಹಿಡಿ."

ಹೊಳಿಯಪ್ಪ ನಕ್ಕ. "ಯಾಕ, ತತ್ತಿ ಪುರಾಣ ಹೇಳತೈತೇನು?"

ತಾಯಿಯವರು ಇನ್ನೊಂದು ಗರಿ ಎತ್ತಿಕೊಂಡರು. ಅವನು ಬಿರುಸಾಗಿ ಕೆಂಚಿಯ ಹೊಟ್ಟೆಯಡಿ ಕೈ ತೂರಿಸಿದ. ಕೆಂಚಿ ಮಣಿಕಟ್ಟು ಕುಕ್ಕಿ ರಕ್ತ ತೆಗೆಯಿತು. ಅದಕ್ಕೆ ಸೊಪ್ಪು ಹಾಕದೆ ಒಂದು ತತ್ತಿಯನ್ನು ಎಳೆದು ಕಿವಿಗೆ ಹಿಡಿದ.

ಒಳಗೆ ಏನೋ ಕೆರೆದ ಸದ್ದು. ಆಮೇಲೆ, ದಾರದಷ್ಟು ಸಣ್ಣಗೆ, ಚೀಂವ್ ಎಂದಿತು.

ಆ ಸದ್ದಿಗೆ ಕೆಂಚಿ ಕುತ್ತಿಗೆ ಮುಂದೆ ಚಾಚಿ ಗಂಟಲಿನಾಳದಿಂದ ಕುರ್ರ್, ಕುರ್ರ್ ಎಂದಿತು. ತತ್ತಿ ಉತ್ತರಿಸಿತು. ಕೋಳಿ ಮತ್ತೆ ಏನೋ ಹೇಳಿತು. ತತ್ತಿ ಮತ್ತೆ ಏನೋ ಕೇಳಿತು. ಹುಟ್ಟಿದಾಗಿನಿಂದ ಕೋಳಿಗಳ ನಡುವೆ ಬೆಳೆದವನು ಹೊಳಿಯಪ್ಪ. ಹದ್ದು ಕಂಡಾಗಿನ ಕೂಗು ಬೇರೆ, ಕಾಳು ಕಂಡಾಗಿನ ಕೂಗು ಬೇರೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವನು. ಕೆಂಚಿಯ ಈ ದನಿಯನ್ನು ಮಾತ್ರ ಅವನು ಕೇಳಿದ್ದೇ ಇಲ್ಲ. ಹೇಗೆ ಕೇಳಿಯಾನು? ಈ ಮಾತು ಹುಟ್ಟುವವರೆಗೆ ಅದನ್ನು ಕೂರಲು ಬಿಟ್ಟಿದ್ದರೆ ತಾನೆ?

ತಾಯಿಯವರು ಗರಿಯಿಂದ ಕಣ್ಣೆತ್ತದೆ ಅಂದರು: "ಹುಟ್ಟೂಕಿಂತ ಮೊದಲ ತಾಯಿ ಮಗುಂದು ಮಾತು ಸುರು ಆಗಿರ್ತೈತಿ ಮಗನ. ನೀ ನಡುವ ಕೈ ಹಾಕಿದಿ."

ಅಷ್ಟೇ. ಕೋಳಿಯ ಬಗ್ಗೆ ಹೇಳಿದರೋ ಬೇರೆ ಯಾವುದರ ಬಗ್ಗೆ ಹೇಳಿದರೋ ಅವರು ಬಿಡಿಸಲಿಲ್ಲ. ಹೊಳಿಯಪ್ಪನ ಕಣ್ಣೆದುರು ಮಾತ್ರ ಒಂದು ಸಂಜೆ ಬಂದು ನಿಂತಿತು. ತುಂಬು ಬಸುರಿ ಪಕೀರವ್ವ ಒಲೆಯ ಬೆಳಕಿನಲ್ಲಿ ಇದೇ ಕೌದಿ ಹೊಲಿಯುತ್ತ ತನ್ನ ಹೊಟ್ಟೆಯ ಕಡೆ ಬಗ್ಗಿ ಏನೋ ಗುನುಗುತ್ತಿದ್ದಳು. ಅವನು ಹೊಸ್ತಿಲು ತುಳಿದ ಕೂಡಲೇ ಸುಮ್ಮನಾದಳು. "ಯಾರ ಜೋಡಿ ಮಾತಾಡ್ತೀಯಲೇ ಹುಚ್ಚಿ?" ಎಂದು ಅವನು ನಕ್ಕಿದ್ದ.

ತತ್ತಿಯನ್ನು ಬುಟ್ಟಿಯ ಅಂಚಿಗೆ ಇಟ್ಟ. ಕೆಂಚಿ ಕೊಕ್ಕಿನಿಂದ ಅದನ್ನು ಒಳಗೆ ಸರಿಸಿಕೊಂಡಿತು. ಅವನು ಬೂದಿಯಲ್ಲಿ ಹಾಗೆಯೇ ಕುಸಿದು ಕೂತ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮೊದಲ ಮರಿ ಓಡು ಒಡೆದು, ಒದ್ದೆ ತಲೆಯನ್ನು ರೆಕ್ಕೆಯ ಸಂದಿಯಿಂದ ಹೊರಗಿಟ್ಟಿತು. ಅದನ್ನು ಕಂಡದ್ದೇ ಹೊಳಿಯಪ್ಪ ಎದ್ದು ತಾಯಿಯವರ ಪಾದಕ್ಕೆ ಹಣೆ ಹಚ್ಚಿದ.

"ಯವ್ವಾ, ಹೊಳಿ ದಾಟಿ ಹೋಗಿ ನನ್ನ ಮಗಳನ್ನ ತರ್ತೀನಿ."

ತಾಯಿಯವರು ಹೋಗೆನ್ನಲಿಲ್ಲ, ಬೇಡವೆನ್ನಲೂ ಇಲ್ಲ. "ಮೊದಲ ಕಿವಿಗೊಟ್ಟು ಕೇಳು. ಆಮ್ಯಾಲ ಕೈ ಹಾಕು" ಎಂದರು.

ಅಣ್ಣನ ಮನೆಯ ಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ ಲಚಮವ್ವ ಚೆನ್ನಿಗೆ ಹೆರಳು ಹಾಕುತ್ತಿದ್ದಳು. ಹೊಳಿಯಪ್ಪ ಜೀವಮಾನದಲ್ಲಿ ಮೊದಲ ಸಲ ಒಂದು ಹೊಸ್ತಿಲಿನಾಚೆ ನಿಂತು ಕಿವಿಗೊಟ್ಟ. ಮಗು ನರಿಯ ಕಥೆ ಹೇಳುತ್ತಿತ್ತು. ಅದು ಅರ್ಧ ಹೇಳಿ ಮರೆತರೆ ಲಚಮವ್ವ ಉಳಿದರ್ಧ ಹೇಳುವಳು. ಆಕೆ ತಪ್ಪಿದರೆ ಮಗು ತಲೆ ತಿರುಗಿಸಿ, "ಹಂಗಲ್ಲ ಯವ್ವಾ" ಎಂದು ತಿದ್ದುವುದು. ಎಷ್ಟೋ ದಿನದಿಂದ ನಡೆದು ಬಂದ ಮಾತು ಅದು. ಇನ್ನೂ ಮುಗಿದಿರಲಿಲ್ಲ.

ಲಚಮವ್ವ ತಲೆಯೆತ್ತಿ ಅವನ ಮುಖ ನೋಡಿದಳು. ಬಾಚಣಿಗೆ ಹಿಡಿದ ಕೈ ನಿಂತಿತು. ಮಗುವನ್ನು ಸೆರಗಿನೊಳಗೆ ಎಳೆದುಕೊಂಡು ಮೈ ಅಗಲಿಸಿ ಕೂತಳು.

"ಯಾಕ ಬಂದಿ ಹೊಳಿಯಾ?"

ಆ ಕೂತ ಬಗೆಯನ್ನು ಹೊಳಿಯಪ್ಪ ಚೆನ್ನಾಗಿ ಬಲ್ಲ. ಹಾಗೆ ಕೂತ ಎಷ್ಟೋ ಜೀವಗಳನ್ನು ಒಂದೇ ಕೈಯಲ್ಲಿ ಎತ್ತಿ ನೀರಿಗೆ ಅದ್ದಿದವನು ಅವನು. ಈಗ ಕೈ ಏಳಲಿಲ್ಲ.

"ಕೆಂಚಿ ಮರಿ ಮಾಡೈತಿ ಯಕ್ಕಾ" ಎಂದ. "ಚೆನ್ನಿಗೆ ತೋರಸೂಣಂತ ಬಂದೆ. ನೀನೂ ಬಾ. ಇಬ್ಬರೂ ಕೂಡೇ ಬರ್ರಿ."

ಸಂಜೆಗೆ ಬರಿಗೈಯಲ್ಲಿ ಮನೆಗೆ ಬಂದಾಗ ಪಕೀರವ್ವ ರೊಟ್ಟಿ ಬಡಿಯುತ್ತಿದ್ದಳು. ಕೋಳಿಯ ಸುದ್ದಿಗೆ ಹೊಡೆತ ಬೀಳುವುದೆಂದು ಆಕೆ ತಲೆ ತಗ್ಗಿಸಿಯೇ ಇದ್ದಳು. ಹೊಳಿಯಪ್ಪ ಒಲೆಯ ಎದುರು ಕೂತ. ಆಮೇಲೆ ಕೇಳಿದ.

"ಚೆನ್ನಿ ಹೊಟ್ಟ್ಯಾಗ ಇದ್ದಾಗ ಅಕಿ ಜೋಡಿ ಏನು ಮಾತಾಡ್ತಿದ್ದಿ?"

ಪಕೀರವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಅದು ಉಬ್ಬುವವರೆಗೆ ನೋಡಿದಳು.

"ಏನಿಲ್ಲ" ಎಂದಳು. "ನಿಮ್ಮಪ್ಪ ಬರೂ ಹೊತ್ತಾತು, ಸುಮ್ಮನ ಮಲಕ್ಕೊ ಅಂತಿದ್ದೆ."

ಮುಂದೆ ಮರಿಗಳು ಮನೆಗೆ ಬಂದ ಮೇಲೆ ಲಚಮವ್ವ ಚೆನ್ನಿಯನ್ನು ಕರೆದುಕೊಂಡು ಬಂದಳು. ಪಕೀರವ್ವ ಮರಿಯೊಂದನ್ನು ಎತ್ತಿ ಮಗುವಿನ ಅಂಗೈಗಿಟ್ಟಳು. ಮಗು ನಕ್ಕು "ಚಿಗವ್ವಾ, ಇದು ನನ್ನ ಕಚ್ಚತೈತಿ" ಎಂದಿತು. ಆ ಕರೆ ಕೊನೆಯವರೆಗೂ ಬದಲಾಗಲಿಲ್ಲ. ತಾಯಿಯವರ ಕೃಪೆ ಬಹಳ ದೊಡ್ಡದು. ಆದರೆ ಕಾವು ಆರಿಹೋದದ್ದನ್ನು ಮರಳಿ ಬಿಸಿ ಮಾಡುವ ಪವಾಡವನ್ನು ಅವರು ಯಾರಿಗೂ ತೋರಿದವರಲ್ಲ.

ಹೊಳಿಯಪ್ಪ ಕಾಳಗದ ಕಣಕ್ಕೆ ಮತ್ತೆ ಹೋಗಲಿಲ್ಲ. ಕಾವು ಬಿಡಿಸಿಕೊಡೆಂದು ಕೋಳಿ ಹಿಡಿದು ಬಂದವರಿಗೆ ಹುಲ್ಲು, ಬುಟ್ಟಿ ಕೊಟ್ಟು ಕಳಿಸುತ್ತಿದ್ದ. ಆದರೆ ನಮ್ಮೂರಿನ ಹಿರಿಯರು ಅವನ ಬಗ್ಗೆ ನೆನೆಯುವುದು ಬೇರೆಯದನ್ನು. ಹೊಲದಿಂದ ಬಂದವನು ನೇರ ಮನೆಯೊಳಗೆ ಕಾಲಿಡುತ್ತಿರಲಿಲ್ಲವಂತೆ. ಹೆಗಲ ಮೇಲಿನ ಹೊರೆಯನ್ನೂ ಇಳಿಸದೆ, ಒಳಗೆ ಏನಾದರೂ ಮಾತು ನಡೆದಿದೆಯೋ ಎಂದು ಹೊಸ್ತಿಲ ಹೊರಗೆ ನಿಂತು ಕೇಳುತ್ತಿದ್ದನಂತೆ. ಒಳಗೆ ಪಕೀರವ್ವ ಒಬ್ಬಳೇ ಇರುತ್ತಿದ್ದಳು. ಮಾತೇನೂ ಇರುತ್ತಿರಲಿಲ್ಲ. ಆದರೂ ಅವನು ನಿಲ್ಲುತ್ತಿದ್ದ.